ಕ್ರಯಪತ್ರ ಅಳಿಸಲು ಆಗಲ್ಲ, ಬೆರಳಚ್ಚಿಗೆ ಬೀಗ ಹಾಕಬಹುದು: ಮನೆ ಮಾಲೀಕರಿಗೆ ಹಂತ ಹಂತದ ಮಾರ್ಗದರ್ಶಿ

“ಏನ್ರೀ, ನಮ್ಮನಿ ಪತ್ರ ಎಲ್ಲಾ ನೆಟ್‌ನಾಗೆ ಐತಂತೆ, ತೆಗ್ಸೋದು ಹೆಂಗೆ?” ದಾವಣಗೆರೆಯ ನಮ್ಮ ಬೀದಿಯಲ್ಲಿ ಈ ಪ್ರಶ್ನೆ ಕೇಳದೆ ಒಂದು ತಿಂಗಳೂ ಕಳೆಯುವುದಿಲ್ಲ. ಕೇಳುವವರಲ್ಲಿ ಹೆಚ್ಚಿನವರು ಆಗಲೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ, ಅರ್ಜಿ ಕೊಟ್ಟು, ಬರಿಗೈಯಲ್ಲಿ ಬಂದಿರುತ್ತಾರೆ. ಆಮೇಲೆ ಬೇಜಾರಾಗಿ ಕೈಬಿಡುತ್ತಾರೆ.

ಎಡವುವುದು ಎಲ್ಲರೂ ಒಂದೇ ಕಡೆ. “ಅಳಿಸಿ” ಎಂದು ಕೇಳುವುದು ಕೊನೆಯ ಕೆಲಸ, ಅದರಿಂದ ಸಿಗುವುದೂ ಕಮ್ಮಿ. ಇವರು ಅದನ್ನೇ ಮೊದಲು ಹಿಡಿಯುತ್ತಾರೆ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಆಸ್ತಿ ಪತ್ರಗಳ 1ನೇ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು, ನಕಲು ಪಡೆಯಬಹುದು. ನೀವು ಸೈಟ್ ಕೊಳ್ಳುವಾಗ ಮಾರುವವನ ಹಿಂದಿನ ಪತ್ರ ನೋಡಿದ್ದೂ ಇದೇ ದಾರಿಯಲ್ಲಿ, ಅಲ್ವಾ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತಲ್ಲ ಎನ್ನುವವರಿದ್ದಾರೆ. ಕಾನೂನಿನ ಪ್ರಕಾರ ಸಾರ್ವಜನಿಕಗೊಳಿಸಲೇಬೇಕಾದ ಮಾಹಿತಿಯನ್ನು ಆ ಕಾಯ್ದೆ ತನ್ನಿಂದ ಹೊರಗೇ ಇಟ್ಟಿದೆ.

ಹಾಗಾಗಿ ಕ್ರಮ ಹೀಗಿರಲಿ: ಮೊದಲು ಬೀಗ, ಆಮೇಲೆ ಪಟ್ಟಿ, ಆಮೇಲೆ ಕರಡು. ಅರ್ಜಿ ಬರೆಯುವುದು ಇವೆಲ್ಲದರ ನಂತರ, ಕಾವಲು ಅದಾದ ಮೇಲೂ.

ಶುರು ಮಾಡುವ ಮುಂಚೆ

ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. ಆ ನಂಬರ್ ಹಳೆಯದು, ಸಿಮ್ ಬಂದ್ ಆಗಿದೆ ಎಂದರೆ ಇಲ್ಲೇ ನಿಲ್ಲಿ. ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಂಡು ಬನ್ನಿ. ಮುಂದಿನ ಅರ್ಧ ಕೆಲಸ ಒಟಿಪಿ ಮೇಲೆಯೇ ನಡೆಯುತ್ತದೆ.

ಜೊತೆಗೆ ಕ್ರಯಪತ್ರದ ನಕಲು, ಮನೆ ಕಂದಾಯದ ರಸೀದಿ, ಇ-ಖಾತಾ, ಜಮೀನಿದ್ದರೆ ಪಹಣಿ ತೆಗೆದಿಟ್ಟುಕೊಳ್ಳಿ. ಬರೆಯಲು ಒಂದು ಹಾಳೆ. ಸೈಬರ್ ಸೆಂಟರ್‌ನ ಕಂಪ್ಯೂಟರ್ ಬೇಡ. ಸ್ವಂತ ಫೋನ್ ಸಾಕು.

ಹಂತ 1: ಬೆರಳಚ್ಚಿಗೆ ಬೀಗ ಹಾಕಿ

ಇದು ಮೊದಲು ಏಕೆ? ನೋಂದಣಿ ಕಾಯ್ದೆಯ 32ಎ ಕಲಂ ಪ್ರಕಾರ ಪತ್ರದ ಮೇಲೆ ಫೋಟೊ ಮತ್ತು ಬೆರಳಚ್ಚು ಇರಲೇಬೇಕು. ಅದೇ ಪತ್ರದಲ್ಲಿ ಆಧಾರ್‌ನ 12 ಅಂಕಿಯೂ ಇದ್ದರೆ ಕಳ್ಳನಿಗೆ ಬೇಕಾದ ಎರಡೂ ಒಂದೇ ಕಡೆ ಸಿಕ್ಕಂತೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಅಂದರೆ ಎಇಪಿಎಸ್, ಹಣ ಕೊಡಲು ಕೇಳುವುದು ಮೂರೇ: ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು. ಪಿನ್ ಇಲ್ಲ, ಒಟಿಪಿ ಇಲ್ಲ. ಪತ್ರದಿಂದ ಬೆರಳಚ್ಚು ಎತ್ತಿ, ಅದರ ಅಚ್ಚು ಮಾಡಿ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಯಲಾದವು. ಆಮೇಲೆ ನಕಲುಗಳಲ್ಲಿ ಬೆರಳಚ್ಚು ಮರೆಮಾಡುವ ಮಾತು ಬಂತು ನಿಜ. ಆದರೆ ಅದಕ್ಕೂ ಮುಂಚೆ ಯಾರ್ಯಾರು ಡೌನ್‌ಲೋಡ್ ಮಾಡಿಕೊಂಡಿದ್ದಾರೋ ಯಾರಿಗೆ ಗೊತ್ತು?

ಮಾಡುವುದು ಸುಲಭ. ‘ಮೈ ಆಧಾರ್’ ವೆಬ್‌ಸೈಟ್‌ಗೆ ಅಥವಾ ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐನ ಅಧಿಕೃತ ಆ್ಯಪ್‌ಗೆ ಒಟಿಪಿ ಹಾಕಿ ಒಳಗೆ ಹೋಗಿ. ‘ಬಯೋಮೆಟ್ರಿಕ್ ಲಾಕ್’ ಆರಿಸಿ, ಒಪ್ಪಿಗೆ ಕೊಡಿ. ಅಷ್ಟೇ. ಬೀಗ ಬಿದ್ದ ಮೇಲೆ ಯಾರೇ ನಿಮ್ಮ ಬೆರಳು ಅಥವಾ ಕಣ್ಣು ಬಳಸಿ ಆಧಾರ್ ದೃಢೀಕರಣಕ್ಕೆ ಪ್ರಯತ್ನಿಸಿದರೂ 330 ಎಂಬ ದೋಷ ಸಂಖ್ಯೆ ಬರುತ್ತದೆ. ಒಟಿಪಿ ಕೆಲಸಗಳು ಎಂದಿನಂತೆ ನಡೆಯುತ್ತವೆ.

ಇಲ್ಲಿಯೇ ಬಹಳ ಜನ ಎಡವುವುದು. ನಾನೂ ಎಡವಿದ್ದೇನೆ. ಚಿತ್ರದುರ್ಗದಲ್ಲಿರುವ ನಮ್ಮತ್ತೆಯವರ ಆಧಾರ್‌ಗೆ ದೊಡ್ಡ ಉಪಕಾರ ಮಾಡಿದವನಂತೆ ಬೀಗ ಹಾಕಿ ಬಂದೆ, ಅವರಿಗೆ ಸರಿಯಾಗಿ ಹೇಳಲಿಲ್ಲ. ಮುಂದಿನ ತಿಂಗಳು ನ್ಯಾಯಬೆಲೆ ಅಂಗಡಿ ಸಾಲಿನಲ್ಲಿ ನಿಂತು ಹೆಬ್ಬೆಟ್ಟು ಒತ್ತಿದ್ದಾರೆ, ಮೆಷಿನ್ ತೆಗೆದುಕೊಳ್ಳಲಿಲ್ಲ. ಕೈ ತೊಳೆದು ಒತ್ತಿದ್ದಾರೆ, ಸೆರಗಿಗೆ ಒರೆಸಿ ಒತ್ತಿದ್ದಾರೆ. ಹಿಂದಿನವರು ಗೊಣಗಿದ್ದಾರೆ. ಕೊನೆಗೆ ಫೋನ್ ಬಂತು: “ಅಳಿಯಂದಿರೇ, ನನ್ನ ಬೆರಳಿಗೆ ಏನು ಮಾಡಿ ಹೋದಿರಿ?”

ಆದ್ದರಿಂದ ರೇಷನ್ ಇರುವ ಮನೆಯಲ್ಲಿ ಹೀಗೆ ಮಾಡಿ. ಕಾರ್ಡಿನಲ್ಲಿ ಹೆಸರಿರುವ, ಆಸ್ತಿ ಪತ್ರಕ್ಕೆ ಯಾವತ್ತೂ ಬೆರಳು ಒತ್ತದ ಒಬ್ಬರನ್ನು ಹೆಬ್ಬೆಟ್ಟಿಗೆ ಬಿಡಿ. ಉಳಿದವರ ಆಧಾರ್‌ಗೆ ಬೀಗ ಹಾಕಿ. ಬೀಗ ಇದ್ದವರೇ ಹೋಗಬೇಕಾದರೆ ತಾತ್ಕಾಲಿಕ ಅನ್‌ಲಾಕ್ ಇದೆ, ಹತ್ತು ನಿಮಿಷ ತೆರೆದಿರುತ್ತದೆ. ಸಾಲಿನಲ್ಲಿ ನಿಮ್ಮ ಸರದಿ ಬಂದಾಗ ತೆರೆಯಿರಿ, ಮನೆಯಿಂದಲೇ ತೆರೆದು ಹೋಗಬೇಡಿ. ಪಿಂಚಣಿದಾರರು ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ ಕೊಡುವಾಗಲೂ, ಹೊಸ ಸಿಮ್ ಕೊಳ್ಳುವಾಗಲೂ ಇದನ್ನು ನೆನಪಿಡಬೇಕು.

ಎರಡನೇ ಬೀಗ ಬ್ಯಾಂಕಿನದು. ಆಧಾರ್ ಜೋಡಿಸಿದ ಪ್ರತಿ ಬ್ಯಾಂಕಿಗೂ “ನನ್ನ ಖಾತೆಯಲ್ಲಿ ಎಇಪಿಎಸ್ ಮೂಲಕ ಹಣ ತೆಗೆಯುವುದನ್ನು ನಿಲ್ಲಿಸಿ” ಎಂದು ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಕೌಂಟರ್‌ನಲ್ಲಿ “ಅದೆಲ್ಲ ಆಗಲ್ಲ ಸಾರ್” ಎಂದರೆ ಮ್ಯಾನೇಜರ್ ಹತ್ತಿರ ಹೋಗಿ.

ಹಂತ 2: ಏನೇನು ಕಾಣುತ್ತಿದೆ, ಪಟ್ಟಿ ಮಾಡಿ

ಕಳ್ಳನ ಕಣ್ಣಿನಿಂದ ಒಮ್ಮೆ ನಿಮ್ಮ ಮನೆ ನೋಡಿ. ಕಂಡದ್ದನ್ನೆಲ್ಲ ಹಾಳೆಯ ಮೇಲೆ ಬರೆಯಿರಿ: ಎಲ್ಲಿ ಕಂಡಿತು, ಏನು ಕಂಡಿತು, ಹಾಕಿದ್ದು ಯಾರು.

ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನಿಮ್ಮ ಆಸ್ತಿಯ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ. 2004ರ ಏಪ್ರಿಲ್‌ನಿಂದ ಈಚೆಗಿನದು ಆನ್‌ಲೈನ್ ಸಿಗುತ್ತದೆ. ಕೊಟ್ಟವರು, ಪಡೆದವರು, ದಿನಾಂಕ, ಮೊತ್ತ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಎಲ್ಲವೂ ಅದರಲ್ಲಿ ಇರುತ್ತದೆ. ಬ್ಯಾಂಕಿಗೆ ಅಡವಿಟ್ಟು ನೋಂದಣಿ ಮಾಡಿಸಿದ್ದರೆ ಸಾಲದ ಮೊತ್ತವೂ ಇರುತ್ತದೆ. ಬೆರಳಚ್ಚು ಇಸಿಯಲ್ಲಿ ಬರುವುದಿಲ್ಲ. ಪೂರ್ತಿ ಪತ್ರ ಸ್ಕ್ಯಾನ್ ಆಗಿ ಬರುವುದು ದೃಢೀಕೃತ ನಕಲಿನಲ್ಲಿ. ಹಾಗಾಗಿ ನಿಮ್ಮದೇ ಪತ್ರದ ದೃಢೀಕೃತ ನಕಲಿಗೂ ಒಂದು ಅರ್ಜಿ ಹಾಕಿ. ಅದರಲ್ಲಿ ಆಧಾರ್ ಪೂರ್ತಿ ಕಾಣುತ್ತದೆಯೇ, ಹೆಬ್ಬೆಟ್ಟು ಸ್ಪಷ್ಟವಾಗಿದೆಯೇ, ನೋಡಿಕೊಳ್ಳಿ. 7ನೇ ಹಂತದಲ್ಲಿ ಇದು ಬೇಕಾಗುತ್ತದೆ.

ಹರಿಹರ, ಜಗಳೂರು, ಹೊಳಲ್ಕೆರೆ ಕಡೆ ಜಮೀನಿದ್ದರೆ ಭೂಮಿ ತಂತ್ರಾಂಶದಲ್ಲಿ ಪಹಣಿ ನೋಡಿ. ಸರ್ವೆ ನಂಬರ್ ಗೊತ್ತಿದ್ದವರಿಗೆ ಹೆಸರು, ತಂದೆಯ ಹೆಸರು, ವಿಸ್ತೀರ್ಣ, ಬೆಳೆ ಸಾಲ ಎಲ್ಲ ಕಾಣುತ್ತದೆ. ಸರ್ವೆ ನಂಬರ್ ಗೊತ್ತಾಗಲು ದಿಶಾಂಕ್ ಆ್ಯಪ್ ಹಿಡಿದು ಹೊಲದ ಬದುವಿನಲ್ಲಿ ನಿಂತರೆ ಸಾಕು. ಪಟ್ಟಣದ ಮನೆಗೆ ಇ-ಆಸ್ತಿ, ಹಳ್ಳಿಯ ಮನೆಗೆ ಇ-ಸ್ವತ್ತು ವೆಬ್‌ಸೈಟ್ ನೋಡಿ.

ಮರೆತುಬಿಡುವ ಒಂದು ಜಾಗ ಮತದಾರರ ಪಟ್ಟಿ. ಮನೆ ನಂಬರ್, ಮನೆಯವರ ಹೆಸರು, ವಯಸ್ಸು, ತಂದೆ ಅಥವಾ ಗಂಡನ ಹೆಸರು ಸಾಲಾಗಿ ಇರುತ್ತವೆ. ಯಾವ ಮನೆಯಲ್ಲಿ ವಯಸ್ಸಾದವರಿಬ್ಬರೇ ಇದ್ದಾರೆ ಎಂಬುದು ಅದನ್ನು ನೋಡಿದರೇ ಗೊತ್ತಾಗುತ್ತದೆ. ತೆಗೆಸಲು ಆಗುವುದಿಲ್ಲ, ತೆಗೆಸಲೂಬಾರದು. ಆದರೆ ಫೋನ್ ಮಾಡಿದವನು ನಿಮ್ಮ ತಂದೆಯ ಹೆಸರು ಹೇಳಿದ ಮಾತ್ರಕ್ಕೆ ಅವನು ಆಫೀಸಿನವನಲ್ಲ ಎಂಬುದು ಇದರಿಂದ ಅರ್ಥವಾಗಬೇಕು.

ಹಂತ 3: ಕಾವೇರಿ ಲಾಗಿನ್ ನಿಮ್ಮ ಕೈಗೆ ತೆಗೆದುಕೊಳ್ಳಿ

ಕಾವೇರಿ 2.0 ಬಂದ ಮೇಲೆ ಅರ್ಜಿ, ಕರಡು, ಶುಲ್ಕ, ಅಪಾಯಿಂಟ್‌ಮೆಂಟ್ ಎಲ್ಲ ಲಾಗಿನ್ ಮೂಲಕ. ಆದರೆ ಆ ಲಾಗಿನ್ ಯಾರದ್ದು? ಹತ್ತರಲ್ಲಿ ಎಂಟು ಜನರಿಗೆ ಗೊತ್ತಿಲ್ಲ, ಇದು ನನ್ನ ಅಂದಾಜು. ಪತ್ರ ಬರೆಯುವವರ ಹುಡುಗ ಅವನದೇ ನಂಬರ್, ಅವನದೇ ಇಮೇಲ್ ಹಾಕಿ ಎಲ್ಲ ಮಾಡಿರುತ್ತಾನೆ. ಅವನು ಕೆಟ್ಟವನು ಎಂದು ಹೇಳುತ್ತಿಲ್ಲ. ಆದರೆ ನಿಮ್ಮ ಪತ್ರ, ಗುರುತಿನ ಚೀಟಿ, ಫೋಟೊ ಎಲ್ಲ ಅವನ ಖಾತೆಯಲ್ಲಿ ಕೂತಿದೆ. ಅವನು ಕೆಲಸ ಬಿಟ್ಟು ಹೋದ ಮೇಲೂ ಕೂತಿರುತ್ತದೆ.

ನಿಮ್ಮ ಹೆಸರಿನಲ್ಲಿ, ನಿಮ್ಮ ನಂಬರಿನಲ್ಲಿ ಲಾಗಿನ್ ಮಾಡಿ. ಪಾಸ್‌ವರ್ಡ್ ಬೇರೆ ಎಲ್ಲೂ ಬಳಸದ್ದು ಇರಲಿ. ಬರೆಯುವವರ ಸಹಾಯ ಬೇಕಿದ್ದರೆ ಪಕ್ಕದಲ್ಲಿ ಕೂತು ನಿಮ್ಮ ಲಾಗಿನ್‌ನಲ್ಲೇ ಮಾಡಿಸಿ. ಕೆಲಸ ಮುಗಿದ ದಿನವೇ ಪಾಸ್‌ವರ್ಡ್ ಬದಲಿಸಿ. ಇ-ಖಾತಾ ಅರ್ಜಿಗೂ ಇದೇ ಮಾತು. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ ಎಂದಾದ ಮೇಲೆ ಅವಸರದಲ್ಲಿ ಯಾರ್ಯಾರದೋ ನಂಬರ್ ಕೊಟ್ಟು ಮಾಡಿಸಿದವರು ಬಹಳ.

ಹಂತ 4: ಹೊಸ ಪತ್ರವಾದರೆ, ಕರಡಿನಲ್ಲೇ ಕತ್ತರಿ ಹಾಕಿ

ಇಡೀ ಕೆಲಸದಲ್ಲಿ ನಿಮ್ಮ ಕೈ ನಿಜವಾಗಿ ಮೇಲಿರುವುದು ಇದೊಂದೇ ಕಡೆ. ನೋಂದಣಿ ಆದ ಪತ್ರ ಕಲ್ಲಿನ ಮೇಲೆ ಕೆತ್ತಿದಂತೆ. ಆಮೇಲೆ ಒಂದು ಅಕ್ಷರ ಸರಿಪಡಿಸಬೇಕೆಂದರೂ ತಿದ್ದುಪಡಿ ಪತ್ರ ಬೇಕು, ಮಾರಿದವರು ಮತ್ತೆ ಬಂದು ಸಹಿ ಮಾಡಬೇಕು. ಕರಡು ಕೈಗೆ ಬಂದ ರಾತ್ರಿ ಕೂತು ಓದಿ. “ನಾಳೆ ಬೆಳಗ್ಗೆ ರಿಜಿಸ್ಟರ್, ಈಗಲೇ ಸಹಿ ಹಾಕಿ” ಎಂದರೆ ಒಪ್ಪಬೇಡಿ.

ಮಾಮೂಲಿ ಕರಡಿನ ಮೊದಲ ಪುಟ ಹೀಗಿರುತ್ತದೆ: ಇಂಥವರು ಬಿನ್ ಇಂಥವರು, ವಯಸ್ಸು ಇಷ್ಟು, ಜನ್ಮ ದಿನಾಂಕ ಇಂಥದ್ದು, ಆಧಾರ್ ನಂಬರ್ ಹನ್ನೆರಡೂ ಅಂಕಿ, ಪ್ಯಾನ್, ಮೊಬೈಲ್, ವಾಸ ಇಂಥ ಕಡೆ. ಹಿಂದಿನ ಗಿರಾಕಿಯ ಕರಡನ್ನೇ ತೆಗೆದು ಹೆಸರು ಬದಲಿಸಿರುತ್ತಾರೆ, ಅದಕ್ಕೇ ಎಲ್ಲದರಲ್ಲೂ ಇದೇ ಸಾಲು. ಒಮ್ಮೆ ಒಂದು ಕರಡಿನಲ್ಲಿ ನನ್ನ ಹೆಸರಿನ ಮುಂದೆ ಇನ್ಯಾರದೋ ಮೊಬೈಲ್ ನಂಬರ್ ಉಳಿದುಕೊಂಡಿತ್ತು. ಪಾಪ, ಆ ಮಹಾನುಭಾವರ ನಂಬರ್ ಎಷ್ಟು ಪತ್ರಗಳಲ್ಲಿ ಇದೆಯೋ!

ಕತ್ತರಿ ಹಾಕಬಹುದಾದದ್ದು ಇವು. ಜನ್ಮ ದಿನಾಂಕ ತೆಗೆಸಿ, ವಯಸ್ಸು ಸಾಕು. ಆಧಾರ್‌ಗೆ ‘ಕೊನೆಯ ನಾಲ್ಕು ಅಂಕಿ’ ಎಂದು ಬರೆಸಿ. ಮೊಬೈಲ್, ಇಮೇಲ್ ಪತ್ರದ ಒಳಗೆ ಬೇಡ, ಅವು ಅರ್ಜಿಯಲ್ಲಿ ಇದ್ದರೆ ಸಾಕು. ಹಣ ಕೊಟ್ಟ ವಿವರದಲ್ಲಿ ಚೆಕ್ ನಂಬರ್ ಅಥವಾ ವರ್ಗಾವಣೆಯ ಉಲ್ಲೇಖ ಸಂಖ್ಯೆ, ದಿನಾಂಕ, ಬ್ಯಾಂಕಿನ ಹೆಸರು ಇರಲಿ, ಪೂರ್ತಿ ಖಾತೆ ಸಂಖ್ಯೆ ಬೇಡ. ಸಾಕ್ಷಿಗಳಿಗೂ ಇದೇ ನಿಯಮ. ನಿಮ್ಮನ್ನು ನಂಬಿ ಸಹಿ ಹಾಕಲು ಬಂದ ಗೆಳೆಯನ ಆಧಾರ್ ಬೀದಿಗೆ ಬೀಳಬಾರದು.

ಆಧಾರ್ ಜೆರಾಕ್ಸನ್ನು ಪತ್ರದ ಹಿಂದೆ ಲಗತ್ತಿಸಿ ಪುಟ ಸಂಖ್ಯೆ ಹಾಕುವ ಅಭ್ಯಾಸ ಕೆಲವರಿಗಿದೆ. ಹಾಗೆ ಮಾಡಿದರೆ ಅದೂ ಪತ್ರದ ಭಾಗವಾಗಿ ಸ್ಕ್ಯಾನ್ ಆಗುತ್ತದೆ. ಗುರುತಿನ ಚೀಟಿಯನ್ನು ಅದಕ್ಕೆಂದೇ ಇರುವ ಜಾಗದಲ್ಲಿ ಮಾತ್ರ ಅಪ್‌ಲೋಡ್ ಮಾಡಿಸಿ. ‘ಮಾಸ್ಕ್ಡ್ ಆಧಾರ್’ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅದರಲ್ಲಿ ಮೊದಲ ಎಂಟು ಅಂಕಿ ಮುಚ್ಚಿರುತ್ತವೆ.

ಕತ್ತರಿ ಹಾಕಬಾರದ್ದೂ ಇದೆ. ಹೆಸರು, ಬಿನ್, ಕೋಂ, ವಿಳಾಸ, ಖಾತಾ ನಂಬರ್, ಅಳತೆ, ಚಕ್ಕುಬಂದಿ ಮುಟ್ಟಬೇಡಿ. ಗುಟ್ಟು ಕಾಯಲು ಹೋಗಿ ಹೆಸರಿನ ಅಕ್ಷರ ಬದಲಿಸಿದವರು ನಾಳೆ ಸಾಲಕ್ಕೆ ಹೋದಾಗ ತಲೆ ಚಚ್ಚಿಕೊಳ್ಳುತ್ತಾರೆ. ಕಾನೂನು ಹೇಳಿದ ಮೊತ್ತಕ್ಕೆ ಮೇಲಿನ ವ್ಯವಹಾರಕ್ಕೆ ಪ್ಯಾನ್ ಕೊಡಲೇಬೇಕು. ಫೋಟೊ, ಬೆರಳಚ್ಚನ್ನೂ ಬೇಡ ಎನ್ನುವಂತಿಲ್ಲ, ಅದಕ್ಕೇ 1ನೇ ಹಂತದ ಬೀಗ.

“ಹಿಂಗೆಲ್ಲ ಮಾಡಿದ್ರೆ ಆಫೀಸ್‌ನಾಗೆ ವಾಪಸ್ ಕಳಿಸ್ತಾರ್ರಿ” ಎಂದು ಬರೆಯುವವರು ಹೆದರಿಸಬಹುದು. ವಾಪಸ್ ಬಂದರೆ ಬರಲಿ. ಯಾವ ಸಾಲು ಸಾಲದು ಎಂದು ತಿಳಿಯುತ್ತದೆ, ಅದೊಂದನ್ನೇ ಸೇರಿಸಿದರಾಯಿತು.

ವಿಲ್ ಮಾತ್ರ ಬೇರೆ ದಾರಿ. ಅದು 3ನೇ ಪುಸ್ತಕದಲ್ಲಿ ದಾಖಲಾಗುತ್ತದೆ. ಬರೆದವರು ಬದುಕಿರುವ ತನಕ ಅವರು ಅಥವಾ ಅವರ ಏಜೆಂಟ್ ಬಿಟ್ಟು ಬೇರೆಯವರಿಗೆ ನಕಲು ಸಿಗುವುದಿಲ್ಲ. ಮಕ್ಕಳು ನೆಟ್‌ನಲ್ಲಿ ನೋಡಿಬಿಡುತ್ತಾರೆ ಎಂದು ಹೆದರಿ ವಿಲ್ ನೋಂದಣಿ ಮುಂದೂಡಬೇಕಿಲ್ಲ.

ಹಂತ 5: ಕಾಗದ ಎಲ್ಲಿ ಹೋಗುತ್ತದೆ, ನೋಡಿ

ಒಂದು ಸಂಜೆ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದೆ. ಪೊಟ್ಟಣ ಬಿಚ್ಚಿದರೆ ಎಣ್ಣೆ ಕಲೆಯ ಕೆಳಗೆ ‘ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ’ ಎಂದಿತ್ತು. ಯಾರದೋ ಕ್ರಯಪತ್ರದ ಷೆಡ್ಯೂಲ್ ಪುಟ, ವಾರೆಯಾಗಿ ಬಂದ ಜೆರಾಕ್ಸ್. ಪಾಸ್‌ವರ್ಡ್‌ಗೆ ಎಷ್ಟು ಒದ್ದಾಡಿದರೂ ಜೆರಾಕ್ಸ್ ಅಂಗಡಿಯ ರದ್ದಿ ಕಾಗದ ಹೀಗೆ ಊರು ಸುತ್ತುತ್ತದೆ.

ಸರಿಬಾರದ ಪ್ರತಿಗಳನ್ನು ಕೇಳಿ ಪಡೆದು ಹರಿದು ಹಾಕಿ. ವಾಟ್ಸಾಪ್‌ನಲ್ಲಿ ಅಂಗಡಿಗೆ ಕಳಿಸಿದ ಪಿಡಿಎಫ್ ಅನ್ನು ನಿಮ್ಮೆದುರೇ ಅವರ ಕಂಪ್ಯೂಟರಿನಿಂದಲೂ ಅಳಿಸಿಸಿ, ‘ಡೌನ್‌ಲೋಡ್ಸ್’ ಫೋಲ್ಡರ್ ಮರೆಯಬೇಡಿ. ಗುರುತಿನ ಚೀಟಿಯ ಪ್ರತಿ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟಿದ್ದು ಎಂದು ಅಡ್ಡಲಾಗಿ ಬರೆದೇ ಕೊಡಿ.

ಹಂತ 6: ನಾವೇ ಹಾಕಿಕೊಂಡದ್ದನ್ನು ತೆಗೆಯಿರಿ

ಗೂಗಲ್ ಮ್ಯಾಪ್‌ನಲ್ಲಿ ಮನೆಗೆ ಸ್ವಂತ ಹೆಸರು, ಫೋನ್ ನಂಬರ್ ಹಾಕಿ ಪಿನ್ ಇಟ್ಟವರು ಎಷ್ಟು ಜನ! ಮಕ್ಕಳು ಸುಮ್ನೆ ಮಾಡಿರುತ್ತಾರೆ. ಹುಡುಕಿ ತೆಗೆಸಿ. ಮನೆ ಮಾರಲು ಅಥವಾ ಬಾಡಿಗೆಗೆ ಎಂದು ಹಾಕಿದ ಹಳೆಯ ಜಾಹೀರಾತುಗಳನ್ನೂ ಅಳಿಸಿ. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಪತ್ರ ಹಿಡಿದು ನಿಂತ ಫೋಟೊ ಸ್ಟೇಟಸ್‌ಗೆ ಹಾಕಬೇಡಿ. ಸಂತೋಷ ಸರಿ, ಆದರೆ ಅಕ್ಷರ ಓದಲು ಬರುತ್ತದೆ. ಬೇರೆ ಖಾಸಗಿ ವೆಬ್‌ಸೈಟ್‌ಗಳಲ್ಲಿ ನಿಮ್ಮ ಫೋನ್, ವಿಳಾಸ ಕಂಡರೆ ಗೂಗಲ್‌ಗೆ ವೈಯಕ್ತಿಕ ಮಾಹಿತಿ ತೆಗೆಯಲು ಅರ್ಜಿ ಹಾಕಬಹುದು. ಹುಡುಕಿದಾಗ ಬರುವುದು ನಿಲ್ಲುತ್ತದೆ, ಆದರೆ ಮೂಲ ಪುಟ ಇದ್ದೇ ಇರುತ್ತದೆ. ಅದಕ್ಕೆ ಆ ವೆಬ್‌ಸೈಟಿನವರನ್ನೇ ಕೇಳಬೇಕು.

ಹಂತ 7: ಈಗ ಅರ್ಜಿ ಬರೆಯಿರಿ

‘ನನ್ನ ದಾಖಲೆ ಅಳಿಸಿ’ ಎಂದು ಬರೆದರೆ ಅದು ಕಸದ ಬುಟ್ಟಿಗೆ. ‘ಇಂಥ ದಾಖಲೆ ಸಂಖ್ಯೆಯ ಇಂಥ ಪುಟದಲ್ಲಿ ನನ್ನ ಆಧಾರ್ ಪೂರ್ತಿ ಕಾಣುತ್ತಿದೆ, ಬೆರಳಚ್ಚು ಸ್ಪಷ್ಟವಾಗಿದೆ, ಬೇರೆಯವರಿಗೆ ಕೊಡುವ ನಕಲಿನಲ್ಲಿ ಇವೆರಡನ್ನು ಮರೆಮಾಡಿ’ ಎಂದು ಬರೆಯಿರಿ. 2ನೇ ಹಂತದಲ್ಲಿ ಪಡೆದ ದೃಢೀಕೃತ ನಕಲಿನ ಆ ಪುಟವನ್ನು ಲಗತ್ತಿಸಿ. ಸಬ್ ರಿಜಿಸ್ಟ್ರಾರ್‌ಗೆ ಒಂದು, ಜಿಲ್ಲಾ ನೋಂದಣಾಧಿಕಾರಿಗೆ ಒಂದು ಪ್ರತಿ ಕೊಡಿ. ಉತ್ತರ ಬರದಿದ್ದರೆ ರಾಜ್ಯ ಸರ್ಕಾರದ ದೂರು ವ್ಯವಸ್ಥೆ ಜನಸ್ಪಂದನದಲ್ಲಿ ದೂರು ದಾಖಲಿಸಿ, ಸಹಾಯವಾಣಿ 1902. ಜಾಸ್ತಿ ನಿರೀಕ್ಷೆ ಬೇಡ.

ಹಂತ 8: ವರ್ಷಕ್ಕೆರಡು ಸಲ ಕಾವಲು

ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಎಂದಿಟ್ಟುಕೊಳ್ಳಿ, ಮರೆಯುವುದಿಲ್ಲ. ಇಸಿ ಹೊಸದಾಗಿ ತೆಗೆಸಿ, ಹಳೆಯದರ ಪಕ್ಕ ಇಟ್ಟು ನೋಡಿ. ಹೊಸ ಸಾಲು ಬಂದಿದೆಯೇ? ಜಮೀನಿಗೆ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಸ್ಥಿತಿ ನೋಡಿ. ಆಧಾರ್ ವೆಬ್‌ಸೈಟ್‌ನಲ್ಲಿ ದೃಢೀಕರಣ ಇತಿಹಾಸ ಇದೆ. ಕಳೆದ ಆರು ತಿಂಗಳಲ್ಲಿ ಎಲ್ಲೆಲ್ಲಿ ನಿಮ್ಮ ಆಧಾರ್ ಬಳಕೆಯಾಯಿತು ಎಂದು ತೋರಿಸುತ್ತದೆ. ನೀವು ಹೋಗದ ದಿನ ಬೆರಳಚ್ಚಿನ ಪ್ರಯತ್ನ ಕಂಡರೆ ಯಾರೋ ಕೈ ಹಾಕಿದ್ದಾರೆ ಎಂದೇ ಅರ್ಥ. ಬಂದ ಪಿಡಿಎಫ್‌ಗಳನ್ನು ಉಳಿಸಿಕೊಳ್ಳಿ. 2025ರ ಆರಂಭದಲ್ಲಿ ಕಾವೇರಿ ಪೋರ್ಟಲ್ ಮೇಲೆ ಸೈಬರ್ ದಾಳಿಯಾಗಿ ದಿನಗಟ್ಟಲೆ ಕೆಲಸ ನಿಂತಿತ್ತು. ಬೇಕಾದ ದಿನವೇ ಸಿಗುತ್ತದೆ ಎಂದು ನಂಬಿ ಕೂರಬೇಡಿ.

ಸಾಲ ತೀರಿದ ಮೇಲೂ ಇಸಿಯಲ್ಲಿ ಅಡಮಾನ ಹಾಗೇ ಕಾಣುತ್ತಿದ್ದರೆ, ಬ್ಯಾಂಕಿನಿಂದ ಬಿಡುಗಡೆ ಪತ್ರ ನೋಂದಣಿ ಮಾಡಿಸಿ.

ಈ ಸೂಚನೆ ಕಂಡರೆ ನಿಲ್ಲಿ

ಕೇಳದೇ ಬಂದ ಒಟಿಪಿ. ಫೋನ್ ದಿಢೀರನೆ ಸಿಗ್ನಲ್ ಕಳೆದುಕೊಂಡು ವಾಪಸ್ ಬರದಿರುವುದು. “ಪಾಲಿಕೆಯಿಂದ ಮಾತಾಡ್ತಿದೀನಿ, ನಿಮ್ಮ ಇ-ಖಾತಾ ಫೈಲ್ ನಿಂತಿದೆ, ಇಷ್ಟು ಫೋನ್‌ಪೇ ಮಾಡಿ” ಎನ್ನುವ ಕರೆ. “ಪಹಣಿಗೆ ಆಧಾರ್ ಲಿಂಕ್ ಆಗಿಲ್ಲ, ಒಟಿಪಿ ಹೇಳಿ” ಎನ್ನುವ ಕರೆ. ಪಹಣಿಗೆ ಆಧಾರ್ ಜೋಡಣೆ ನಿಜವಾಗಿಯೂ ನಡೆದಿರುವುದರಿಂದ ಈ ಕೊನೆಯದನ್ನು ಜನ ಬೇಗ ನಂಬುತ್ತಾರೆ. ಗ್ರಾಮ ಆಡಳಿತಾಧಿಕಾರಿಯನ್ನು ಮುಖತಃ ಕಂಡು ಮಾಡಿಸಿ.

ಖಾಲಿ ಸೈಟ್ ಇದ್ದವರಿಗೆ ಇನ್ನೊಂದು: ಗುರುತಿಲ್ಲದವರು ಬಂದು ಟೇಪ್ ಹಿಡಿದರು ಎಂದು ಪಕ್ಕದವರು ಹೇಳಿದರೆ ಆ ದಿನವೇ ಇಸಿ ತೆಗೆಸಿ.

ಹಣ ಹೋಗಿದ್ದರೆ

ಗಡಿಬಿಡಿಯಲ್ಲೂ ಕ್ರಮ ತಪ್ಪಬೇಡಿ. ಬೀಗ ಹಾಕಿಲ್ಲದಿದ್ದರೆ ಮೊದಲು ಬಯೋಮೆಟ್ರಿಕ್ ಬೀಗ ಹಾಕಿ, ಇಲ್ಲವಾದರೆ ನೀವು ಠಾಣೆಯ ದಾರಿಯಲ್ಲಿರುವಾಗ ಇನ್ನೊಂದು ಕಂತು ಹೋಗುತ್ತದೆ. ಆಮೇಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಮೇಲೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ತಪ್ಪೂ ಇಲ್ಲದ, ಬ್ಯಾಂಕಿನ ತಪ್ಪೂ ಇಲ್ಲದ ಮೋಸವನ್ನು ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರ ಮೇಲೆ ಬೀಳುವುದಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ. ಪಾಸ್‌ಬುಕ್ ತುಂಬಿಸಿ, ‘ಎಇಪಿಎಸ್’ ಎಂದಿರುವ ಸಾಲುಗಳಿಗೆ ಗುರುತು ಹಾಕಿ, ದೃಢೀಕರಣ ಇತಿಹಾಸದ ಪ್ರತಿ ಜೊತೆಗಿಟ್ಟು ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ದಾವಣಗೆರೆಯಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ.

ಹೋದದ್ದು ಹಣವಲ್ಲ, ನಿಮ್ಮ ಸೈಟನ್ನೇ ಬೇರೆಯವರು ನಕಲಿ ಪತ್ರ ಮಾಡಿ ಮಾರಿದ್ದಾರೆ ಎಂದಾದರೆ ದಾರಿ ಬೇರೆ. ಅವತ್ತೇ ಪಾಲಿಕೆ ಅಥವಾ ನಗರಸಭೆಗೆ ಖಾತೆ ಬದಲಾವಣೆ ವಿರುದ್ಧ ತಕರಾರು ಅರ್ಜಿ ಕೊಡಿ, ಪೊಲೀಸರಿಗೆ ದೂರು ಕೊಡಿ, ವಕೀಲರನ್ನು ಕಾಣಿ. ನಕಲಿ ದಾಖಲೆಯ ನೋಂದಣಿ ರದ್ದು ಮಾಡಲು ಜಿಲ್ಲಾ ನೋಂದಣಾಧಿಕಾರಿಗೇ ಅಧಿಕಾರ ಕೊಡುವ ತಿದ್ದುಪಡಿ ನಮ್ಮ ರಾಜ್ಯದಲ್ಲಿ ಬಂದಿದೆ. ಕೋರ್ಟಿಗೆ ಮುಂಚೆ ಆ ಬಾಗಿಲು ತಟ್ಟಬಹುದೇ ಎಂದು ವಕೀಲರನ್ನು ಕೇಳಿ. ಯುಗಾದಿಗೆ ತೆಗೆಸಿಟ್ಟ ಹಳೆಯ ಇಸಿ ಈಗ ಫೈಲಿನ ಮೊದಲ ಹಾಳೆಯಾಗಲಿ.